ಮಾದರಿ ವಿಮಾನದೊಳಗಿನ ಒತ್ತಡದ ಗಾಳಿ: ಒಂದು ಬಹಿರಂಗ ಪತ್ರ

ನಾಗರಿಕ ವಿಮಾನಯಾನ ಮಹಾನಿರ್ದೇಶಕರಿಗೆ,



ಶಿಕ್ಷಣ, ಸಂಶೋಧನೆ ಅಥವಾ ಹವ್ಯಾಸಕ್ಕೆಂದು ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿ ವಿಮಾನಗಳಿಗೆ 2021ರ ಡ್ರೋನ್ ನಿಯಮಗಳು ಟೈಪ್ ಸರ್ಟಿಫಿಕೇಟ್‌ನಿಂದ, ಅಂದರೆ ವಿನ್ಯಾಸವನ್ನು ಪರೀಕ್ಷಿಸಿ ಕೊಡುವ ಪ್ರಮಾಣಪತ್ರದಿಂದ, ವಿನಾಯಿತಿ ನೀಡಿವೆ. ಹವ್ಯಾಸಿಗಳಿಗೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಈ ಉದಾರತೆ ಅಗತ್ಯವಾಗಿತ್ತು. ಅದನ್ನು ಮೊಟಕುಗೊಳಿಸಬೇಕೆಂಬುದು ಈ ಪತ್ರದ ಉದ್ದೇಶವಲ್ಲ. ಆದರೆ ಅಪಾಯವನ್ನು ಮುಖ್ಯವಾಗಿ ತೂಕದಿಂದ ಅಳೆಯುವ ನಿಯಮಕ್ಕೆ, ಕೆಲವೇ ಗ್ರಾಂ ತೂಗುವ ಒತ್ತಡದ ಗಾಳಿ ಕಾಣಿಸುವುದಿಲ್ಲ.

ದೊಡ್ಡ ಮಾದರಿಗಳಲ್ಲಿ ಚಕ್ರಗಳನ್ನು ಒಳಗೆಳೆದು ಹೊರಚಾಚಲು, ಕೆಲವೊಮ್ಮೆ ಬ್ರೇಕ್ ಹಿಡಿಯಲು, ಸಣ್ಣ ಟ್ಯಾಂಕಿನಲ್ಲಿ ತುಂಬಿದ ಗಾಳಿಯನ್ನು ಬಳಸುವುದುಂಟು. ಅರ್ಧ ಲೀಟರಿನ ಟ್ಯಾಂಕಿಗೆ 120 ಪಿಎಸ್‌ಐ, ಅಂದರೆ ವಾತಾವರಣಕ್ಕಿಂತ ಸುಮಾರು ಎಂಟು ಪಟ್ಟು ಹೆಚ್ಚಿನ ಒತ್ತಡದಲ್ಲಿ ಗಾಳಿ ತುಂಬಿದರೆ ಅದರಲ್ಲಿ ಅಡಗುವ ಶಕ್ತಿ ಸುಮಾರು 600 ಜೂಲ್; ಅರವತ್ತು ಕಿಲೋ ತೂಕದ ಮನುಷ್ಯನನ್ನು ಒಂದು ಮೀಟರ್ ಎತ್ತರಕ್ಕೆ ಎತ್ತಲು ಬೇಕಾದಷ್ಟು. ಅದೇ ಟ್ಯಾಂಕಿನಲ್ಲಿ ಅದೇ ಒತ್ತಡಕ್ಕೆ ನೀರಿದ್ದರೆ ಆ ಶಕ್ತಿ ಒಂದು ಜೂಲಿನ ಹತ್ತನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ, ಏಕೆಂದರೆ ನೀರು ಬಹುತೇಕ ಸಂಕುಚಿಸುವುದಿಲ್ಲ. ಹೊಸ ಟ್ಯಾಂಕನ್ನು ಗಾಳಿಯಿಂದಲ್ಲ, ನೀರು ತುಂಬಿ ಒತ್ತಡ ಏರಿಸಿ ಪರೀಕ್ಷಿಸಬೇಕೆಂಬ ಕೈಗಾರಿಕಾ ಪದ್ಧತಿಯ ಹಿಂದಿರುವುದು ಇದೇ ಕಾರಣ: ನೀರು ತುಂಬಿದ ಟ್ಯಾಂಕು ಬಿರಿದರೆ ಸೋರುತ್ತದೆ, ಗಾಳಿ ತುಂಬಿದ್ದು ಬಿರಿದರೆ ಚೂರುಗಳು ಸಿಡಿಯುತ್ತವೆ.

ತಂಪು ಪಾನೀಯದ ಬಾಟಲಿಯನ್ನೇ ಟ್ಯಾಂಕಾಗಿ ಬಳಸುವವರೂ ಇದ್ದಾರೆ. ಮತ್ತೆ ಮತ್ತೆ ಗಾಳಿ ತುಂಬಿ ಬಿಡುವ ಕೆಲಸಕ್ಕೆ ಆ ಬಾಟಲಿ ತಯಾರಾದದ್ದಲ್ಲ. ಬಿಸಿಲೂ ಒತ್ತಡವನ್ನು ಏರಿಸುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 120 ಪಿಎಸ್‌ಐ ತುಂಬಿದ ಟ್ಯಾಂಕು ಮುಚ್ಚಿದ ಕಾರಿನೊಳಗೆ 60 ಡಿಗ್ರಿಗೆ ಕಾದಾಗ ಅದರ ಒತ್ತಡ 135 ಪಿಎಸ್‌ಐ ದಾಟುತ್ತದೆ.

ಸೋರಿಕೆಯದು ಇನ್ನೊಂದು ಬಗೆಯ ಅಪಾಯ. ಕೊಳವೆ ಗಡುಸಾದರೆ, ಚಕ್ರವನ್ನು ಆಡಿಸುವ ಸಿಲಿಂಡರಿನೊಳಗಿನ ರಬ್ಬರ್ ಬಳೆ ಸವೆದರೆ, ಗಾಳಿ ಸದ್ದಿಲ್ಲದೆ ಇಳಿದುಹೋಗಿ ಚಕ್ರಗಳು ಹೊರಬರದೆ ಉಳಿಯುತ್ತವೆ. ಚಕ್ರವನ್ನು ಗಾಳಿಯಿಂದ ಮೇಲೆತ್ತಿ ಸ್ಪ್ರಿಂಗಿನಿಂದ ಇಳಿಸುವ ಏರ್ಪಾಡಿನಲ್ಲಿ ಗಾಳಿ ಖಾಲಿಯಾದರೂ ಚಕ್ರ ತಾನಾಗಿ ಇಳಿಯುವುದರಿಂದ, ಎರಡೂ ಕೆಲಸಕ್ಕೆ ಗಾಳಿಯನ್ನೇ ನಂಬುವ ಏರ್ಪಾಡಿಗಿಂತ ಅದು ನಿಸ್ಸಂದೇಹವಾಗಿ ಮೇಲು.

2016ರ ಗ್ಯಾಸ್ ಸಿಲಿಂಡರ್ ನಿಯಮಗಳು 500 ಮಿಲಿಲೀಟರ್ ಮೀರಿದ ಪಾತ್ರೆಗಳಿಗಷ್ಟೇ ಅನ್ವಯಿಸುವುದರಿಂದ, ಮಾದರಿ ವಿಮಾನದ ಪುಟ್ಟ ಟ್ಯಾಂಕು ಅಲ್ಲಿಯೂ ನುಣುಚಿಕೊಳ್ಳುತ್ತದೆ. ಬೇರೆ ದಾರಿಯೂ ಇದೆ: ಬ್ರಿಟನ್ನಿನಲ್ಲಿ 25 ಕಿಲೋ ಮೀರಿದ ಮಾದರಿಗಳನ್ನು ಲಾರ್ಜ್ ಮಾಡೆಲ್ ಅಸೋಸಿಯೇಷನ್‌ನ ಪರಿಶೀಲಕರು ನಿರ್ಮಾಣದ ಹಂತದಿಂದಲೇ ನೋಡುತ್ತಾರೆ. ಅನುಭವಿಗಳ ಕಣ್ಣು ಕಾಗದಪತ್ರಕ್ಕಿಂತ ಹೆಚ್ಚು ಕಾಣಬಲ್ಲದು.

ಆದ್ದರಿಂದ ತಮ್ಮ ಕಚೇರಿಯು ಹೊಸ ಪರವಾನಗಿಯನ್ನೇನೂ ಹೇರದೆ, ಒಂದು ಮಾರ್ಗಸೂಚಿಯನ್ನು ಹೊರಡಿಸಬೇಕೆಂದು ವಿನಂತಿ. ಟ್ಯಾಂಕಿನ ಮೇಲೆ ಗರಿಷ್ಠ ಒತ್ತಡವನ್ನು ಬರೆದಿರಬೇಕು. ಅದರ ಒಂದೂವರೆ ಪಟ್ಟು ಒತ್ತಡದಲ್ಲಿ ನೀರಿನ ಪರೀಕ್ಷೆ ಆಗಿರಬೇಕು. ತುಂಬುವ ಕಂಪ್ರೆಸರಿಗೆ ರೆಗ್ಯುಲೇಟರೂ ಸುರಕ್ಷಾ ಕವಾಟವೂ ಇರಬೇಕು. ಸಾಗಣೆಗೆ ಮುನ್ನ ಗಾಳಿಯನ್ನು ಪೂರ್ತಿ ಬಿಡಬೇಕು. ಈ ಮಾರ್ಗಸೂಚಿ ಕನ್ನಡದಲ್ಲೂ ಇತರ ಭಾರತೀಯ ಭಾಷೆಗಳಲ್ಲೂ ಪ್ರಕಟವಾಗಿ, ಮುಂದಿನ ಶೈಕ್ಷಣಿಕ ವರ್ಷದೊಳಗೆ ಎಂಜಿನಿಯರಿಂಗ್ ಕಾಲೇಜುಗಳ ಕಾರ್ಯಾಗಾರಗಳನ್ನು ತಲುಪಲೆಂಬುದು ಈ ಪತ್ರದ ಕೋರಿಕೆ.