ಗುಜರಿಗೆ ಹಾಕುವ ಮುನ್ನ

ಹಬ್ಬ ಬಂತೆಂದರೆ ಮನೆ ಕ್ಲೀನಿಂಗ್ ರೀಲ್ಸ್‌ಗಳ ಸುಗ್ಗಿ. ಕಾಲಿಡಲೂ ಜಾಗವಿಲ್ಲದ ಮನೆಯನ್ನು 30 ಸೆಕೆಂಡಿನಲ್ಲಿ ಖಾಲಿ ಮಾಡಿ ತೋರಿಸುತ್ತಾರೆ. ಲೈಕ್‌ಗಳ ಮಳೆ. ಆ ಮನೆಯವರು ಮರುದಿನ ಹೇಗಿದ್ದರು ಎಂಬುದನ್ನು ಮಾತ್ರ ಯಾರೂ ತೋರಿಸುವುದಿಲ್ಲ.

ವಸ್ತು ಕೂಡಿಡುವುದೆಲ್ಲ ಕಾಯಿಲೆಯಲ್ಲ. ಐಸ್‌ಕ್ರೀಂ ಡಬ್ಬಿಯಲ್ಲಿ ಹುಣಸೆಹಣ್ಣು, ಒಂದು ಕವರಿನೊಳಗೆ ನೂರು ಕವರು ಇಡುವುದು ನಮ್ಮ ಅಮ್ಮಂದಿರ ಜಾಣತನ (ಹಾಸ್ಟೆಲ್‌ನಲ್ಲಿ ನಾನೂ ಪಾಲಿಸುತ್ತೇನೆ). ಆದರೆ ಮಂಚದ ಮೇಲೆ ಮಲಗಲಾಗದಷ್ಟು, ಒಲೆ ಹಚ್ಚಲಾಗದಷ್ಟು ಸಾಮಾನು ತುಂಬಿ, ಹಳೇ ಬಿಲ್ ಎಸೆಯುವಾಗಲೂ ಜೀವ ಹಿಂಡಿದಂತಾದರೆ ಅದು ‘ಹೋರ್ಡಿಂಗ್ ಡಿಸಾರ್ಡರ್’. ಮೊದಲು ಇದನ್ನು ಒಸಿಡಿ ಎಂಬ ಗೀಳುರೋಗದ ಜತೆ ಸೇರಿಸುತ್ತಿದ್ದರು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಇದನ್ನು ಪ್ರತ್ಯೇಕ ಕಾಯಿಲೆ ಎಂದು ಗುರುತಿಸಿತು. ಸಾಮಾನ್ಯವಾಗಿ ಹದಿಹರೆಯದಲ್ಲೇ ಶುರುವಾಗಿ ವಯಸ್ಸಾದಂತೆ ಬಲಿಯುತ್ತದೆ. ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ.

ವರಸೆಯಲ್ಲಿ ನನಗೆ ದೊಡ್ಡಪ್ಪನಾಗುವ ಒಬ್ಬರು ಮನೆ ತುಂಬ ಹಳೇ ಪೇಪರು, ಕೆಟ್ಟ ರೇಡಿಯೊ, ಖಾಲಿ ಡಬ್ಬಿ ಪೇರಿಸಿದ್ದರು. ‘ಮುಂದೆ ಬೇಕಾಗುತ್ತೆ’ ಎನ್ನುತ್ತಿದ್ದರು. ಅವರು ಊರಿಗೆ ಹೋದಾಗ ಮಕ್ಕಳು ಎರಡು ಟೆಂಪೋ ತುಂಬಿಸಿ ಗುಜರಿಗೆ ಕಳಿಸಿದರು. ವಾಪಸ್ ಬಂದವರು ಅತ್ತರು, ಮಕ್ಕಳ ಜತೆ ಮಾತು ಬಿಟ್ಟರು. ವರ್ಷದೊಳಗೆ ಮನೆ ಮತ್ತೆ ತುಂಬಿತು. ಈ ಸಲ ಕೋಣೆಗಳಿಗೆ ಬೀಗವೂ ಬಿತ್ತು. ಮಕ್ಕಳ ಉದ್ದೇಶ ಒಳ್ಳೆಯದೇ. ಆದರೆ ಯಾವುದು ಬೇಕು, ಯಾವುದು ಬೇಡ ಎಂದು ನಿರ್ಧರಿಸಲಾಗದ್ದೇ ಈ ಕಾಯಿಲೆ. ಆ ನಿರ್ಧಾರವನ್ನೂ ಕಸಿದುಕೊಂಡರೆ ಅವರು ಯಾರನ್ನು ನಂಬಬೇಕು?

ಹಾಗಂತ ಸುಮ್ಮನಿರುವುದೂ ಅಪಾಯ. 1947ರಲ್ಲಿ ನ್ಯೂಯಾರ್ಕಿನ ಲ್ಯಾಂಗ್ಲಿ ಕಾಲಿಯರ್ ತಾನೇ ಪೇರಿಸಿದ್ದ ರಾಶಿ ಕುಸಿದು ಅದರಡಿ ಸತ್ತ. ಅವನನ್ನೇ ನಂಬಿದ್ದ ಕಣ್ಣು ಕಾಣದ ಅಣ್ಣ ಹೋಮರ್ ಊಟವಿಲ್ಲದೆ ಸತ್ತ. ಆ ಮನೆಯಿಂದ ತೆಗೆದ ಸಾಮಾನು 100 ಟನ್‌ಗೂ ಹೆಚ್ಚು.

ಆದ್ದರಿಂದ ಮೊದಲು ಬೆಂಕಿ, ಗ್ಯಾಸ್, ಓಡಾಡುವ ದಾರಿ, ಇಷ್ಟರ ಬಗ್ಗೆ ಕೂತು ಮಾತಾಡಿ. ‘ಕಸ’ ಎನ್ನಬೇಡಿ. ‘ಅಪ್ಪಾ, ಸಿಲಿಂಡರ್ ಪಕ್ಕದ ಪೇಪರ್ ಕಟ್ಟು ಎಲ್ಲಿಡೋಣ?’ ಎಂದು ಕೇಳಿ. ಒಂದೊಂದು ವಸ್ತುವನ್ನೂ ಅವರೇ ಕೈಯಲ್ಲಿ ಹಿಡಿದು ತೀರ್ಮಾನಿಸಲಿ. ಇದು ನಿಧಾನ, ಬೇಸರ ಬರುವಷ್ಟು ನಿಧಾನ. ಸಿಬಿಟಿ ಎಂಬ ಮಾತಿನ ಚಿಕಿತ್ಸೆಯಲ್ಲೂ ಇಂಥದೇ ಅಭ್ಯಾಸ ಮಾಡಿಸುತ್ತಾರೆ. ಎಲ್ಲಿ ಶುರು ಮಾಡಬೇಕೋ ತಿಳಿಯದಿದ್ದರೆ ಸರ್ಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ಮನೆಯವರೂ ಕರೆ ಮಾಡಬಹುದು.