ಖಣದ ಓಲಿಗೆ ರೊಕ್ಕ ಕೇಳಿದ್ದು

ಹೋದ ಶ್ರಾವಣದಾಗ ಮಂಗಳಗೌರಿ ಪೂಜಾಕ್ಕ ಹೋದಾಗ ನನ್ನ ಕಿವಿಯೊಳಗಿನ ಖಣದ ಓಲಿ ನೋಡಿ ಸಂಬಂಧದಾಗಿನ ಅತ್ತಿಯೊಬ್ಬರು, "ಅಯ್ಯ, ಏನ್ ಛಂದ ಅದಾವ! ಹೆಂಗೂ ಚಿಂದಿಯೊಳಗ ಮಾಡೂದಲ್ಲಾ, ನನಗೂ ನಾಕ್ ಜೋಡಿ ಮಾಡಿಕೊಡವಾ" ಅಂದರು. "ಮಾಡ್ತೀನ್ರೀ, ಜೋಡಿಗೆ 120 ರೂಪಾಯಿ" ಅಂದೆ. ಕುಂತವರೆಲ್ಲಾ ಗಪ್ ಆದರು. ನಾ ಮನಿ ಮುಟ್ಟೂದ್ರಾಗ ಸುದ್ದಿ ನನಗಿಂತ ಮೊದಲ ಮುಟ್ಟಿತ್ತು: "ಇಕಿ ಮನಿ ಮಂದಿ ಕಡೆನೂ ರೊಕ್ಕ ಇಸ್ಕೋತಾಳ."

ಹೌದ್ರೀ, ಇಸ್ಕೋತೀನಿ.

ಅರಿವಿ ಪುಕ್ಕಟನ, ಒಪ್ಪಿದೆ. ಗುಳೇದಗುಡ್ಡದ ಖಣದಾಗ ಕುಪ್ಪಸ ಹೊಲಿಸಿದಾಗ ಉಳಿದ ಚೂರು, ಹರಿದ ಇಳಕಲ್ ಸೀರಿ ಸೆರಗು, ಮನಿಯವರ ಹಳೇ ಅಂಗಿ ಗುಂಡಿ. ಯಾವುದಕ್ಕೂ ನಾ ದುಡ್ಡು ಕೊಟ್ಟಿಲ್ಲ. ಆದ್ರ ಚೂರು ತಾನಾಗೇ ಓಲಿ ಆಗೂದಿಲ್ಲ. ಕೆಂಪು ಖಣ ಬಣ್ಣ ಬಿಡ್ತೈತಿ, ಹಂಗ ಹಾಕ್ಕೊಂಡ್ರ ಬೆವರಿಗೆ ಕಿವಿ, ಕುತ್ತಿಗಿ ಎಲ್ಲಾ ಕೆಂಪ. ಅದಕ್ಕ ನೀರು ತಿಳಿ ಆಗೂತನಕ ಒಗದು ನೆರಳಾಗ ಒಣಗಿಸಬೇಕು. ಗುಂಡಿಯ ಎರಡರಷ್ಟು ಅಗಲದ ಚಕ್ಕರ ಕತ್ತರಿಸಿ, ಅಂಚಿನ ಸುತ್ತ ಸಣ್ಣ ಹೊಲಿಗಿ ಹಾಕಿ, ನಡುವ ಗುಂಡಿ ಇಟ್ಟು ದಾರ ಜಗ್ಗಬೇಕು. ಹೊಲಿಗಿ ದೊಡ್ಡದಾದ್ರ ಅಂಚಿಗೆ ನಿರಿಗಿ ಗುಡ್ಡಿ ಬೀಳ್ತಾವ. ಇನ್ನ ಹೂವು ನಟ್ಟನಡುವ ಕುಂದರಬೇಕು, ಒಂದು ಕಿವಿಗೆ ಪೂರಾ ಹೂವು, ಇನ್ನೊಂದಕ್ಕ ಅರ್ಧ ಆದ್ರ ಯಾರು ಹಾಕ್ಕೋತಾರ? ಬಿಚ್ಚು, ಮತ್ತ ಕತ್ತರಿಸು. ಬೆನ್ನಿಗೆ ಹಳೇ ಜೀನ್ಸಿನ ತುಂಡು, ಅದರಾಗಿಂದ ಸ್ಟೀಲಿನ ಕಡ್ಡಿ ಹೊರಗ ತಗದು ಸುತ್ತಲೂ ಹೊಲಿತೀನಿ. ಬರೇ ಅಂಟು ಹಚ್ಚಿದ್ದು ನಮ್ಮ ಕಡೆ ಬ್ಯಾಸಿಗ್ಯಾಗ ಬಿಟ್ಕೊಂಡು ಬೀಳ್ತೈತಿ, ಅನುಭವ ಆಗೇತಿ.

ಒಂದು ಜೋಡಿಗೆ ಒಂದೂವರಿ ತಾಸು. ಕಡ್ಡಿ, ದಾರದ 15 ರೂಪಾಯಿ ತಗದ್ರ ತಾಸಿಗೆ 70 ರೂಪಾಯಿ ಬಿತ್ತು. ನಮ್ಮ ಓಣಿ ಟೇಲರ್ ಇದಕ್ಕ ಕತ್ತರಿ ಸುದ್ದಾ ಎತ್ತೂದಿಲ್ಲ.

"ಕಸದಿಂದ ರಸ" ಅಂತ ಹೊಗಳ್ತಾರಲ್ಲ, ಆ ಮಾತು ಕೇಳಿದ್ರ ನನಗ ಸಿಟ್ಟು ಬರ್ತೈತಿ. ಮೊದಲ ಕಸ ಅಂದಬಿಟ್ರ ಆಮ್ಯಾಲ ಬೆಲಿ ಹೆಂಗ ಹೇಳೂದು? ನಮ್ಮಜ್ಜಿ ಕೌದಿ ಹೊಲಿಸೂದು ನೆನಪೈತಿ. ವರ್ಷಕ್ಕೊಮ್ಮೆ ಹೊಲಿಯೋ ಹೆಣ್ಣುಮಕ್ಕಳು ಓಣಿಗೆ ಬರ್ತಿದ್ದರು. ಹಳೇ ಸೀರಿ, ಧೋತ್ರ, ಅಜ್ಜನ ಅಂಗಿ ಎಲ್ಲಾ ನಮ್ಮವ. ಆದ್ರೂ ಅಜ್ಜಿ ಅವರಿಗೆ ಊಟ ಹಾಕಿ, ಜ್ವಾಳ ಅಳದು, ಮ್ಯಾಲ ರೊಕ್ಕಾನೂ ಕೊಡ್ತಿದ್ದಳು. ಚಿಂದಿ ನಂದಲ್ಲಾ ಅಂತ ಕೂಲಿ ಹಿಡದಿದ್ದು ನಾ ನೋಡಿಲ್ಲ. ಹೊರಗಿನ ಹೆಣ್ಣುಮಗಳಿಗೆ ಕೊಡೂ ಕೂಲಿ, ಮನಿ ಸೊಸಿ ಮಾಡಿದ್ರ ಯಾಕ "ಹೊತ್ತು ಕಳಿಯೂದು" ಆಗ್ತೈತಿ?

ನಾನೂ ಮೊದಲು ಪುಕ್ಕಟನ ಕೊಡ್ತಿದ್ದೆ, ಸುಳ್ಳ್ಯಾಕ ಹೇಳಲಿ. ಒಂದು ಸೀಮಂತಕ್ಕ 11 ಜೋಡಿ ಮಾಡಿ ಕೊಟ್ಟೆ, ನಾಕು ರಾತ್ರಿ ಕುಂತು. ಮರುವಾರ ಅವರ ಮನಿಗೆ ಹೋದ್ರ ಒಂದು ಓಲಿ ಬಾಗಲ ಮುಂದ ಮಳ್ಯಾಗ ತೊಯ್ಸಿಕೊಂಡು ಬಿದ್ದಿತ್ತು, ಕೂಸು ಆಡಾಕ ಒಯ್ದಿತ್ತಂತ. ಕೂಸಿಂದೇನು ತಪ್ಪು? ಆದ್ರ 120 ರೂಪಾಯಿ ಕೊಟ್ಟು ತಗೊಂಡಿದ್ರ ಅದು ಡಬ್ಬ್ಯಾಗ ಇರ್ತಿತ್ತು.

ಹಂಗಂತ ಎಲ್ಲಾರ ಕಡೆನೂ ಇಸ್ಕೊಳ್ಳೂದಿಲ್ಲ. ತಂಗಿ ಮಗಳಿಗೆ, ನನ್ನ ಬ್ಯಾನ್ಯಾಗ ಅಡಗಿ ಮಾಡಿಕೊಟ್ಟ ಬಾಜೂ ಮನಿ ಅಕ್ಕಾಗ ಕಾಣಿಕೆ ಅಂತನ ಕೊಟ್ಟೀನಿ. ಕಾಣಿಕೆ ನಾ ಕೊಡೂದು, ಇನ್ನೊಬ್ಬರು ಎಣಿಸಿ ನಾಕು ಅಂತ ಕೇಳೂದಲ್ಲ.

ಮೊದಲ ಬಂದ ರೊಕ್ಕದಾಗ ನಾ ಚಸ್ಮಾ ಮಾಡಿಸಿದೆ. ಖಣದ ಕರೀ ದಾರ ಕಾಣವಲ್ದಾಗಿತ್ತು.

ಅತ್ತಿ ಇನ್ನೂ ನೆಟ್ಟಗ ಮಾತಾಡವಲ್ಲರು. ನಾಕ್ ಜೋಡಿ ಮಾತ್ರ ಮಾಡಿಟ್ಟೀನಿ, ನೀಲಿ ಖಣದವು, ಹೂವು ನಟ್ಟನಡುವ ಬಂದಾವ. 480 ರೂಪಾಯಿ.