ಗೋಡೆಗೆ ಬಿದ್ದ ಗುರುತು ಸಹಿಗೆ ಬೀಳಲಿಲ್ಲ

2011ರ ಜುಲೈ ಕೊನೆಯ ವಾರ. 27ರ ಬುಧವಾರ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಬಳ್ಳಾರಿ ಅಕ್ರಮ ಗಣಿಗಾರಿಕೆಯ ವರದಿಯನ್ನು ಸರ್ಕಾರದ ಕೈಗಿಟ್ಟರು. ರಾಜ್ಯಕ್ಕಾದ ನಷ್ಟ 16,085 ಕೋಟಿ ರೂಪಾಯಿ ಎಂದು ಅದರಲ್ಲಿ ಬರೆದಿತ್ತು. 31ರ ಭಾನುವಾರ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಇವೆರಡರ ನಡುವೆ ಒಂದು ಶುಕ್ರವಾರ ಬಂದುಹೋಯಿತು. ಇಡೀ ನಾಡು ಬೆಂಗಳೂರಿನತ್ತ ಕಣ್ಣು ನೆಟ್ಟು ಕೂತಿದ್ದಾಗ, ಆಗ ಅದೇ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯಲ್ಲಿ, ವಿರೂಪಾಕ್ಷನ ಗುಡಿಯ ಎದುರಿನ ಬೀದಿಯಾದ ಹಂಪಿ ಬಜಾರಿಗೆ ಜೆಸಿಬಿಗಳು ಇಳಿದವು.

ಹಿಂದಿನ ಸಂಜೆ ಮನೆಗಳಿಗೆ ಗುರುತು ಹಾಕಿ ಹೋಗಿದ್ದರು. ಬೆಳಗಾಗುತ್ತಲೇ ಕೆಡವಲು ಶುರು. ಒಂದು ರಾತ್ರಿಯಲ್ಲಿ ಪಾತ್ರೆ-ಪಗಡ, ಹಾಸಿಗೆ, ಮಕ್ಕಳ ಪಾಟಿಚೀಲ ಎಷ್ಟು ಹೊರಗೆ ತಂದರೋ ಅಷ್ಟೇ ಉಳಿದದ್ದು. 300ಕ್ಕೂ ಹೆಚ್ಚು ಕುಟುಂಬಗಳು ಬೀದಿಪಾಲಾದವು. ಬೀದಿಯೇ ಅವರ ಮನೆಯಾಗಿದ್ದರಿಂದ ಬೀದಿಯೂ ಹೋಯಿತು ಎನ್ನುವುದೇ ಸರಿ.

ಆ ಬೀದಿಯ ಕಥೆ ಸಣ್ಣದಲ್ಲ. ಗುಡಿಯಿಂದ ಪೂರ್ವಕ್ಕೆ, ಏಕಶಿಲೆಯ ನಂದಿಯವರೆಗೆ, ಎರಡೂ ಬದಿಗೆ ಕಲ್ಲುಕಂಬದ ಸಾಲುಮಂಟಪ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯಸ್, ಈ ಗುಡಿಯ ಮುಂದಿನ ಬೀದಿಯಲ್ಲಿ ಚೆಂದದ ಮನೆಗಳಿದ್ದವು, ಯಾತ್ರಿಕರು ಅಲ್ಲಿ ಇಳಿದುಕೊಳ್ಳುತ್ತಿದ್ದರು ಎಂದು ಬರೆದಿಟ್ಟಿದ್ದಾನೆ. ಅಂದರೆ ಐನೂರು ವರ್ಷದ ಹಿಂದೆಯೂ ಅದು ಜನ ಇದ್ದ ಬೀದಿಯೇ. 1565ರಲ್ಲಿ ಪಟ್ಟಣ ಹಾಳಾಯಿತು. ಎಷ್ಟೋ ಕಾಲದ ನಂತರ ಜನ ಮತ್ತೆ ಬಂದು, ಮಂಟಪಗಳ ಕಂಬದ ನಡುವೆ ಗೋಡೆ ಎಬ್ಬಿಸಿ, ಚಹಾದಂಗಡಿ, ಕಾಯಿ-ಕರ್ಪೂರದಂಗಡಿ, ಬಾಡಿಗೆ ಕೋಣೆ ಎಂದು ಬದುಕು ಕಟ್ಟಿಕೊಂಡರು. ಕಂಬಕ್ಕೆ ಸಿಮೆಂಟು ಬಳಿದದ್ದು, ಮೇಲೆ ಮಾಳಿಗೆ ಏರಿಸಿದ್ದು ತಪ್ಪಲ್ಲ ಎಂದು ಯಾರೂ ಹೇಳಲಾರರು. ಸ್ಮಾರಕಕ್ಕೆ ಅದರಿಂದ ಪೆಟ್ಟು ಬಿದ್ದಿತ್ತು, ನಿಜ.

ಆದರೆ ಆ ಮನೆಗಳಿಗೆ ವಿದ್ಯುತ್ ಮೀಟರು ಬಂದದ್ದು ಹೇಗೆ? ರೇಷನ್ ಕಾರ್ಡು, ಮತದಾರರ ಪಟ್ಟಿ, ತೆರಿಗೆ ರಸೀದಿ? ಇವೆಲ್ಲ ರಾತ್ರಿ ಕಳ್ಳತನದಲ್ಲಿ ಆಗುವ ಕೆಲಸಗಳಲ್ಲ. ಹಗಲು ಹೊತ್ತಿನಲ್ಲಿ, ಕಚೇರಿಯಲ್ಲಿ, ರಬ್ಬರ್ ಸ್ಟಾಂಪು ಒತ್ತಿ ಕೊಟ್ಟವು. ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1986ರಲ್ಲಿ. ಅದರ ನಿರ್ವಹಣೆಗೆಂದೇ ಪ್ರಾಧಿಕಾರದ ಕಾಯ್ದೆ ಬಂದದ್ದು 2002ರಲ್ಲಿ. ನಡುವೆ ಹೋದದ್ದು ಹದಿನಾರು ವರ್ಷ. ಅಷ್ಟು ವರ್ಷ ಕಣ್ಣು ಮುಚ್ಚಿದ್ದವರಿಗೆ ಒಂದೇ ರಾತ್ರಿ ಕಣ್ಣು ತೆರೆಯಿತು.

ಸರ್ಕಾರವೇ ಕಟ್ಟಿದ್ದರ ಕಥೆಯಂತೂ ಇನ್ನೂ ಸ್ವಾರಸ್ಯ. ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ತುಂಗಭದ್ರೆಗೆ ಸೇತುವೆ ಎಬ್ಬಿಸಲು ಹೊರಟದ್ದು ಸರ್ಕಾರ. ಅದೇ ಮುಖ್ಯ ಕಾರಣವಾಗಿ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. 2006ರವರೆಗೆ ಅದು ಆ ಪಟ್ಟಿಯಿಂದ ಹೊರಬರಲಿಲ್ಲ. 2009ರ ಜನವರಿಯಲ್ಲಿ, ಇನ್ನೂ ಮುಗಿಯದ ಆ ಸೇತುವೆ ಕುಸಿದು ಕಾರ್ಮಿಕರು ನದಿಯಲ್ಲಿ ಸತ್ತರು. ಚಹಾದಂಗಡಿಯವನಿಂದ ಹಂಪಿಯ ಹೆಸರು ಆ ಪಟ್ಟಿಗೆ ಹೋಗಿರಲಿಲ್ಲ.

ಜೆಸಿಬಿಗೆ ಸಿಮೆಂಟು ಯಾವುದು, ಶಿಲೆ ಯಾವುದು ಗೊತ್ತಾಗುವುದಿಲ್ಲ. ಮನೆ ಕೆಡವುವ ಭರದಲ್ಲಿ ಹಳೆಯ ಕಂಬಗಳಿಗೂ ಏಟು ಬಿತ್ತೆಂದು ಆಗಲೇ ಟೀಕೆ ಬಂದಿತ್ತು. ಇದರ ಪಕ್ಕ ಇನ್ನೊಂದು ಪ್ರಕರಣ ಇಡಬೇಕು. 2019ರಲ್ಲಿ ಹಂಪಿಯ ಗಜಶಾಲೆಯ ಹಿಂದಿನ ವಿಷ್ಣು ಗುಡಿಯ ಕಂಬ ಉರುಳಿಸಿದ ಹುಡುಗರ ವಿಡಿಯೊ ಊರೂರು ಸುತ್ತಿತು. ನ್ಯಾಯಾಲಯ ಅವರಿಗೆ ತಲಾ 70 ಸಾವಿರ ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿಸಿ ನಿಲ್ಲಿಸಿತು. ಸರಿಯಾದ ಶಿಕ್ಷೆಯೇ. ಆದರೆ ಬಳ್ಳಾರಿಯ ಗಡಿಯಲ್ಲಿ ಸುಗ್ಗಲಮ್ಮನ ಹಳೆಯ ಗುಡಿ ಇತ್ತು. 2006ರಲ್ಲಿ ಗಣಿಗಾಗಿ ಅದನ್ನು ಸಿಡಿಸಿ ಕೆಡವಿದರೆಂಬ ದೂರು ಎದ್ದಿತು. ಎರಡು ರಾಜ್ಯಗಳ ಗಡಿಗೆ ಗುರುತಾಗಿದ್ದ ಗುಡಿ ಅದು. ಗುಡಿ ಹೋದರೆ ಗಡಿ ಎಲ್ಲಿದೆ ಎಂದು ಕೇಳುವವರು ಯಾರು? ಆ ಕಲ್ಲುಗಳನ್ನು ಯಾರ ಕೈಯಿಂದಲೂ ಎತ್ತಿಸಲಿಲ್ಲ.

ಬಜಾರಿನ ಮನೆಗಳು ಬಿದ್ದ ಒಂಬತ್ತು ವರ್ಷದ ನಂತರ ಪಾಳಿ ನದಿಯಾಚೆಯ ವಿರೂಪಾಪುರ ಗಡ್ಡೆಗೆ ಬಂತು. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಅಲ್ಲಿನ ಹೋಟೆಲು, ರೆಸಾರ್ಟುಗಳು ಅಕ್ರಮವೆಂದು ತೀರ್ಪಿತ್ತಿತು. ಮಾರ್ಚ್‌ನಲ್ಲಿ ಅವು ನೆಲಸಮವಾದವು. 1988ರ ಅಕ್ಟೋಬರ್‌ನ ಅಧಿಸೂಚನೆ ಬರೀ ಗುಡಿ-ಗೋಪುರಗಳಿಗಲ್ಲ, ಇಡೀ ಪ್ರದೇಶಕ್ಕೇ ಅನ್ವಯಿಸುತ್ತದೆ ಎಂಬುದು ತೀರ್ಪಿನ ಸಾರ. ಕಾನೂನಿನ ಕಣ್ಣಿಗೆ ಇದು ಸರಿಯಿದೆ. ಲೆಕ್ಕ ಮಾತ್ರ ಹೀಗೆ: ಅಧಿಸೂಚನೆಯಿಂದ ಜೆಸಿಬಿಯವರೆಗೆ ಮೂವತ್ತೊಂದು ವರ್ಷ ದಾಟಿತು. ಅಷ್ಟರಲ್ಲಿ ಒಬ್ಬ ಗುಮಾಸ್ತ ನೌಕರಿಗೆ ಸೇರಿ, ಬಡ್ತಿ ಪಡೆದು, ನಿವೃತ್ತಿಯ ಹಾರ ಹಾಕಿಸಿಕೊಂಡು ಮನೆಗೆ ಹೋಗಬಹುದು. ಪಿಂಚಣಿಯೂ ತಪ್ಪುವುದಿಲ್ಲ.

ಕಲಬುರಗಿ ಕಡೆ ರೊಕ್ಕ ಎನ್ನುವ ಮಾತಿಗೆ ಬೇರೆಯೇ ತೂಕ. ಲಂಚ ಎಂದರೆ ಪುಸ್ತಕದ ಮಾತು. ‘ರೊಕ್ಕ ಕೊಟ್ಟಾರ’ ಎಂದರೆ ಎಲ್ಲ ತಿಳಿಯುತ್ತದೆ. ಅಕ್ರಮ ಕಟ್ಟಡದ ಗುಟ್ಟು ಈ ಮಾತಿನಲ್ಲೇ ಇದೆ. ಕಟ್ಟುವಾಗ ಒಮ್ಮೆ ರೊಕ್ಕ, ಮೀಟರಿಗೆ ಒಮ್ಮೆ, ನೋಟಿಸು ಬಂದಾಗ ಅದನ್ನು ಕಡತದಲ್ಲಿ ಮಲಗಿಸಲು ಇನ್ನೊಮ್ಮೆ. ಹೀಗೆ ಮನೆಯೊಂದು ಅಕ್ರಮವಾಗಿಯೇ ಉಳಿಯುವುದರಲ್ಲಿ ಎಷ್ಟೋ ಜನರ ಲಾಭವಿದೆ. ಸಕ್ರಮವಾದರೆ ಆದಾಯ ನಿಂತುಹೋಗುತ್ತದೆ. ರಾಜ್ಯ ಸರ್ಕಾರದ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿಗೆ ಜನರ ಪಾಲಿಗೆ ಉಳಿದದ್ದು ಎರಡೇ: ರೊಕ್ಕ, ಇಲ್ಲವೇ ಜೆಸಿಬಿ.

2024ರಲ್ಲಿ ಸುಪ್ರೀಂ ಕೋರ್ಟಿನಿಂದ ಎರಡು ತೀರ್ಪು ಬಂದವು. ನವೆಂಬರ್ 13ರದ್ದು ಬುಲ್ಡೋಜರ್ ತೀರ್ಪೆಂದೇ ಪ್ರಸಿದ್ಧ: ಕೆಡವುವ ಮುನ್ನ 15 ದಿನದ ನೋಟಿಸು ಕಡ್ಡಾಯ, ನಿಯಮ ಮೀರಿ ಕೆಡವಿದರೆ ನಷ್ಟವನ್ನು ಅಧಿಕಾರಿಯೇ ಕೈಯಿಂದ ತುಂಬಬೇಕು. ಜನ ಸಂತೋಷಪಟ್ಟರು. ಆದರೆ ಅದರಲ್ಲೇ ವಿನಾಯಿತಿಯೂ ಇದೆ. ರಸ್ತೆ, ನದಿಯಂತಹ ಸಾರ್ವಜನಿಕ ಜಾಗದ ಅಕ್ರಮ ಕಟ್ಟಡಕ್ಕೂ, ನ್ಯಾಯಾಲಯವೇ ಕೆಡವಲು ಹೇಳಿದ ಕಟ್ಟಡಕ್ಕೂ ಈ ರಕ್ಷಣೆ ಇಲ್ಲ. ಹಂಪಿ ಬಜಾರಿನವರು ಇದ್ದದ್ದು ಬೀದಿಯಲ್ಲಿ, ಗಡ್ಡೆಯವರದ್ದು ಕೋರ್ಟಿನ ತೀರ್ಪು. ಇಬ್ಬರಿಗೂ ಇದರಿಂದ ಏನೂ ಸಿಗುತ್ತಿರಲಿಲ್ಲ.

ಹೆಚ್ಚು ಸದ್ದು ಮಾಡದ ಎರಡನೆಯ ತೀರ್ಪು ಡಿಸೆಂಬರ್ 17ರದ್ದು. ಮೀರತ್‌ನ ಅಕ್ರಮ ಅಂಗಡಿಗಳ ಪ್ರಕರಣ. ಅಂಗಡಿಗಳನ್ನು ಕೆಡವಲು ಹೇಳಿದ ಕೋರ್ಟು, ಅದಕ್ಕೆ ಅವಕಾಶ ಕೊಟ್ಟ ಅಧಿಕಾರಿಗಳ ಮೇಲೂ ಕ್ರಮ ಆಗಬೇಕು, ಸ್ವಾಧೀನಾನುಭವ ಪತ್ರ (ಒಸಿ) ಇಲ್ಲದ ಕಟ್ಟಡಕ್ಕೆ ವಿದ್ಯುತ್, ನೀರು ಕೊಡಬಾರದು ಎಂದಿತು. ಇದರ ಮೀಟರಿನ ಅರ್ಧ ಭಾಗ ಕರ್ನಾಟಕದಲ್ಲಿ ಬೇಗ ಜಾರಿಗೆ ಬಂತು. ಹೊಸ ಮನೆಯವರು ಎಸ್ಕಾಂ ಕಚೇರಿಗಳಿಗೆ ಅಲೆದದ್ದೇ ಸಾಕ್ಷಿ. ಅಧಿಕಾರಿಗಳ ಮೇಲಿನ ಅರ್ಧಕ್ಕೆ ಅಷ್ಟು ಅವಸರ ಕಾಣಲಿಲ್ಲ.

ಬೀದಿ ಖಾಲಿ ಮಾಡಿಸಿದ ಮೇಲೆ ಹಂಪಿ ಬಜಾರು ಕ್ಷೇಮವಾಯಿತೇ? 2024ರ ಮೇ 21ರಂದು, ಒಂದು ಮಳೆಗೆ, ಆ ಸಾಲುಮಂಟಪದ ಒಂದು ಭಾಗ ಕುಸಿದು ಬಿತ್ತು. ಅಷ್ಟರಲ್ಲಿ ಅಲ್ಲಿ ಚಹಾದಂಗಡಿ ಇಲ್ಲದೆ ಹದಿಮೂರು ವರ್ಷವಾಗುತ್ತ ಬಂದಿತ್ತು.

ಇದನ್ನೆಲ್ಲ ಆಳಂದ, ಅಫಜಲಪುರ, ಜೇವರ್ಗಿಯವರು ಓದಬೇಕಾದದ್ದು ಕಲಬುರಗಿ ಕೋಟೆಗಾಗಿ. 1347ರಲ್ಲಿ ಬಹಮನಿಗಳ ರಾಜಧಾನಿಯಾದ ಕೋಟೆ. ಒಳಗೆ 1367ರ ಜಾಮಿ ಮಸೀದಿ. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳಿಂದ ಮುಚ್ಚಿದ ಇಂಥದ್ದು ಈ ದೇಶದಲ್ಲಿ ಅಪರೂಪ. ಅದೇ ಕೋಟೆಯೊಳಗೆ ತಲೆಮಾರುಗಳಿಂದ ಮನೆ ಮಾಡಿಕೊಂಡ ಕುಟುಂಬಗಳೂ ಇವೆ. ತೆರವಿನ ಮಾತು ಹೈಕೋರ್ಟಿನ ಕಲಬುರಗಿ ಪೀಠದವರೆಗೆ ಹೋಗಿದೆ. ಆಳಂದ ಚೆಕ್‌ಪೋಸ್ಟ್ ದಾಟಿ ನಗರಕ್ಕೆ ಬರುವ ಬಸ್ಸಿನಲ್ಲಿ ಕೂತವರಿಗೆ ಇದು ಪೇಟೆಯ ಜಗಳ ಎನಿಸಬಹುದು. ನಾಳೆ ತಮ್ಮೂರ ಹಳೆ ಅಗಸಿ, ಹಳೆ ಗುಮ್ಮಟದ ಪಕ್ಕವೂ ಇದೇ ಜಗಳ ಬರುತ್ತದೆ.

ಕೇಂದ್ರದ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧವಾದದ್ದು 1992ರ ಜೂನ್ 16ರಂದು. ತೆರವಿನ ನೋಟಿಸು ಅಂಟಿಸುವ ಮುನ್ನ ಜಿಲ್ಲಾಡಳಿತ ಆ ದಿನದಿಂದೀಚಿನ ಕಡತ ತೆಗೆಯಲಿ. ಯಾವ ಮನೆಗೆ ಯಾವ ವರ್ಷ ಖಾತೆ ಆಯಿತು, ಮೀಟರು ಬಂತು, ಸಹಿ ಯಾರದು ಎಂಬ ಪಟ್ಟಿಯನ್ನು ಪಾಲಿಕೆಯ ಗೋಡೆಗೆ ಹಚ್ಚಲಿ. ನೋಟಿಸಿನಲ್ಲಿ ಮನೆಯವನ ಹೆಸರಿನ ಕೆಳಗೆ ಆ ಸಹಿ ಮಾಡಿದವರ ಹೆಸರೂ ಇರಲಿ. ಅಲ್ಲಿಯವರೆಗೆ ಜೆಸಿಬಿ ಕೋಟೆಯ ಖಂದಕದಾಚೆಯೇ ನಿಂತಿರಲಿ.